ಉಳುಕಿದ ಕಾಲಿಗೆ ಚೀನೀ ಚಿಕಿತ್ಸೆ: ಯಾವ ದಿನ ಏನು ಮಾಡಬೇಕು

ವಾಲಿಬಾಲ್ ಆಡುವಾಗ ನೆಟ್ ಹತ್ತಿರ ಜಿಗಿದು ಇಳಿದೆ. ಇಳಿದದ್ದು ಎದುರು ಟೀಮಿನವನ ಬೂಟಿನ ಮೇಲೆ. ಬಲಗಾಲು ಒಳಕ್ಕೆ ಹೊರಳಿತು. ಕುಂಟುತ್ತ ಮನೆಗೆ ಬಂದಾಗ ನಮ್ಮ ಕಾಕಾ ಬಟ್ಟಲಲ್ಲಿ ಕುಸುಬಿ ಎಣ್ಣೆ ಬಿಸಿ ಮಾಡಿಕೊಂಡು ಬಂದು ಕೂತರು. "ಏನ್ ಆಗಲ್ಲ ತಮ್ಮಾ, ನರ ಹಿಡದದ. ತಿಕ್ಕಿದ್ರ ಬಿಡ್ತದ" ಅಂತ ಅರ್ಧ ಗಂಟೆ ತಿಕ್ಕಿದರು. ಬೆಳಗ್ಗೆ ಎದ್ದು ನೋಡಿದರೆ ಸ್ಲಿಪ್ಪರ್ ಕೂಡ ಕಾಲಿಗೆ ಹೋಗಲಿಲ್ಲ. ಅಷ್ಟು ಬಾವು.

ಹನ್ನೆರಡನೇ ದಿನ ಸೊಲ್ಲಾಪುರದಲ್ಲಿ, ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್ ಕೊಡುವವರೊಬ್ಬರು ಅದೇ ಜಾಗಕ್ಕೆ ಕೆಂಪು ಎಣ್ಣೆಯೊಂದನ್ನು ಹಚ್ಚಿ ಚೆನ್ನಾಗಿ ತಿಕ್ಕಿದರು. ಬಾಟಲಿ ಮೇಲೆ ಚೀನೀ ಅಕ್ಷರ. ಏನಿದು ಅಂತ ಕೇಳಿದೆ. ಹೆಸರಿನ ಅರ್ಥ ಕೆಂಪು ಹೂವಿನ ಎಣ್ಣೆ, ಆ ಹೂವು ಕುಸುಬಿ ಹೂವು ಅಂದರು. ಕಾಕಾನ ಕತೆ ಹೇಳಿದೆ. ನಕ್ಕುಬಿಟ್ಟರು. ನಿಮ್ಮ ಕಾಕಾ ಗಿಡ ಸರಿಯಾಗಿ ಹಿಡಿದಿದ್ದಾರೆ, ದಿನ ತಪ್ಪು ಹಿಡಿದಿದ್ದಾರೆ ಅಂದರು.

ಆಟದಲ್ಲಿ ಆಗುವ ಪೆಟ್ಟಿಗೆ ಚೀನೀ ವೈದ್ಯ ಬಳಸಬೇಕು ಅನ್ನುವವರು ಹಿಡಿಯಬೇಕಾದದ್ದು ಇದನ್ನೇ. ಸೂಜಿ, ಬಟ್ಟಲು (ಚರ್ಮ ಹೀರಿಸುವ ಕಪ್ಪಿಂಗ್), ಕಾವು, ಎಣ್ಣೆ ಎಲ್ಲಕ್ಕೂ ಒಂದೊಂದು ದಿನವಿದೆ. ಹತ್ತನೇ ದಿನ ಹಿತ ಕೊಡುವುದು ಮೊದಲ ದಿನ ಕಾಲು ಕೆಡಿಸುತ್ತದೆ. ಹಾಗಾಗಿ ಈ ಮಾರ್ಗದರ್ಶಿಯನ್ನು ದಿನಗಳ ಲೆಕ್ಕದಲ್ಲೇ ಬರೆಯುತ್ತೇನೆ. ಉದಾಹರಣೆಗೆ ಜಾಸ್ತಿ ಪಾದದ ಉಳುಕನ್ನೇ ತೆಗೆದುಕೊಂಡಿದ್ದೇನೆ. ಕಬಡ್ಡಿಯ ತೊಡೆ ಪೆಟ್ಟು, ಬೌಲಿಂಗಿನ ಭುಜ ನೋವು ಬಂದಾಗ ಅಲ್ಲಲ್ಲೇ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು: ಎಲುಬು ನೋಡಿಸಿ

ಸೂಜಿಯವರ ಹತ್ತಿರ ಹೋಗುವ ಮುಂಚೆ ಎಲುಬು ಮುರಿದಿಲ್ಲ ಅಂತ ಖಾತ್ರಿ ಆಗಬೇಕು. ಇದಕ್ಕೆ ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ಸರಳ ನಿಯಮಗಳಿವೆ. ಜಗತ್ತಿನ ತುರ್ತು ವಿಭಾಗಗಳಲ್ಲಿ ಇವತ್ತಿಗೂ ಅವನ್ನೇ ಬಳಸುತ್ತಾರೆ. ಮನೆಯಲ್ಲಿ ನೀವೂ ನೋಡಿಕೊಳ್ಳಬಹುದು.

ಪಾದದ ಕೀಲಿನ ಎರಡೂ ಪಕ್ಕ ಎದ್ದು ಕಾಣುವ ಗಿಣ್ಣು ಇದೆಯಲ್ಲ, ಅದರ ಹಿಂಬದಿ ಅಂಚು ಮತ್ತು ತುದಿಯನ್ನು ಬೆರಳಿಂದ ಒತ್ತಿ. ಗಿಣ್ಣಿನ ಮೇಲಕ್ಕೆ ಸುಮಾರು 6 ಸೆಂಟಿಮೀಟರ್ ತನಕ ಒತ್ತುತ್ತಾ ಹೋಗಿ. ಎಲುಬಿನ ಮೇಲೇ ಚುರ್ ಅಂದರೆ ಎಕ್ಸ್‌ರೇ ಬೇಕು. ಪಾದದ ಹೊರ ಅಂಚಿನ ನಡುವೆ, ಕಿರುಬೆರಳ ಸಾಲಿನಲ್ಲಿ ಒಂದು ಎಲುಬು ಉಬ್ಬಿರುತ್ತದೆ. ಅಲ್ಲಿ, ಅಥವಾ ಪಾದದ ಒಳಬದಿಯ ಕಮಾನಿನ ಮೇಲ್ಭಾಗದ ಎಲುಬಿನಲ್ಲಿ ಒತ್ತಿದಾಗ ನೋವಾದರೂ ಎಕ್ಸ್‌ರೇ ಬೇಕು. ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ಇಡಲು ಆಗಲಿಲ್ಲ, ಈಗಲೂ ಆಗುತ್ತಿಲ್ಲ ಅಂದರೆ ಯೋಚನೆ ಮಾಡುತ್ತ ಕೂರಬೇಡಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಚೀಟಿ ಮಾಡಿಸಿ ಎಲುಬು-ಕೀಲು ವಿಭಾಗಕ್ಕೆ ಹೋಗಿ.

ಇನ್ನೂ ಎರಡು ಲಕ್ಷಣ ಕಂಡರೆ ಯಾವ ಮನೆಮದ್ದೂ ಬೇಡ. ಓಡುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಟಪ್ ಅಂತ ಆಗಿ, ಆಮೇಲೆ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಹರಿದಿರಬಹುದು. ಮೀನಖಂಡ ಬಾತು, ಬಿಸಿಯಾಗಿ, ದಿನದಿಂದ ದಿನಕ್ಕೆ ನೋವು ಏರುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಆ ಕಾಲನ್ನು ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ನನ್ನದು ಎಕ್ಸ್‌ರೇಯಲ್ಲಿ ಎಲುಬು ಸರಿ ಇತ್ತು. ಎಲುಬುಗಳನ್ನು ಜೋಡಿಸುವ ಲಿಗಮೆಂಟ್ ಅರ್ಧಂಬರ್ಧ ಹರಿದಿದೆ, ಆರು ವಾರ ಆಟ ಬೇಡ ಅಂದರು.

ಚೀನೀ ವೈದ್ಯರ ಲೆಕ್ಕ

ಚೀನೀ ಭಾಷೆಯಲ್ಲಿ ಒಂದು ಹಳೆಯ ಮಾತಿದೆ: 'ಬು ತೋಂಗ್ ಝ ತೋಂಗ್'. ಎರಡೂ 'ತೋಂಗ್' ಕೇಳಲು ಒಂದೇ ಥರ, ಎಳೆಯುವ ರಾಗ ಮಾತ್ರ ಬೇರೆ. ಮೊದಲನೆಯದರ ಅರ್ಥ ಹರಿಯುವುದು, ಎರಡನೆಯದರದು ನೋವು. ಹರಿಯದಿದ್ದರೆ ನೋವು ಅಂತ. ಏನು ಹರಿಯಬೇಕು? ರಕ್ತ ಮತ್ತು 'ಚೀ'. ಈ ಚೀಯನ್ನು ನಮ್ಮ ಪ್ರಾಣ, ವಾಯು ಅನ್ನುವ ಮಾತಿಗೆ ಹತ್ತಿರ ಅಂತ ಇಟ್ಟುಕೊಳ್ಳಿ. ಚೀ ಓಡಾಡುವ ದಾರಿಗಳು ಅಂತ ಅವರು ಹೇಳುವುದು ದೇಹ ಕುಯ್ದು ನೋಡಿದರೆ ಕಾಣುವುದಿಲ್ಲ. ನಾನು ಅವನ್ನು ನಕ್ಷೆಯ ಮೇಲಿನ ಗೆರೆಗಳ ಹಾಗೆ ನೋಡುತ್ತೇನೆ. ಜಾಗ ಹುಡುಕಲು ಬೇಕು, ನೆಲದ ಮೇಲೆ ಹುಡುಕಬಾರದು.

ಪೆಟ್ಟನ್ನು ಅವರು ಮೂರು ಹಂತ ಮಾಡುತ್ತಾರೆ. ಶುರುವಿನಲ್ಲಿ ರಕ್ತ ನಿಂತಿದೆ, ಜಾಗ ಬಿಸಿ ಇದೆ, ಬಾವು ಇದೆ. ಆಗ ಬಿಸಿ ತಣಿಸಿ ನಿಂತ ರಕ್ತವನ್ನು ಮೆಲ್ಲಗೆ ಕದಲಿಸಬೇಕು. ನಡುವೆ ಬಾವು ಇಳಿದಿದೆ, ಬಿಗಿತ ಉಳಿದಿದೆ. ಆಗ ಸ್ನಾಯು ಸಡಿಲಿಸಬೇಕು. ಕೊನೆಗೆ ಜಾಗ ತಣ್ಣಗಾಗಿ, ಸೋತು, ಚಳಿ ಬಂದಾಗ ಕಾಡುತ್ತದೆ. ಆಗ ಬೆಚ್ಚಗೆ ಮಾಡಿ ಬಲ ತುಂಬಬೇಕು. ಒಳ್ಳೆಯ ಚಿಕಿತ್ಸಕರು ನಾಲಗೆ ನೋಡಿ, ನಾಡಿ ಹಿಡಿದು ಎರಡು ಪ್ರಶ್ನೆ ಖಂಡಿತ ಕೇಳುತ್ತಾರೆ. ಒತ್ತಿದರೆ ಹಿತವೋ, ನೋವು ಏರುತ್ತದೋ? ಬಿಸಿ ಹಿತವೋ, ತಂಪು ಹಿತವೋ? ಮನೆಯಲ್ಲೂ ದಿನಾ ಬೆಳಗ್ಗೆ ಈ ಎರಡು ಪ್ರಶ್ನೆ ನೀವೇ ಕೇಳಿಕೊಳ್ಳಿ. ಯಾವ ಹಂತದಲ್ಲಿದ್ದೀರಿ ಅಂತ ಕ್ಯಾಲೆಂಡರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಆಧುನಿಕ ಪರೀಕ್ಷೆಗಳು ಏನನ್ನುತ್ತವೆ? ಹಳೆಯ ಸೊಂಟ ನೋವಿಗೆ ಸೂಜಿಯಿಂದ ಒಂದು ಮಟ್ಟಿನ ಲಾಭ ಇದೆ. ಅಮೆರಿಕದ ವೈದ್ಯರ ಸಂಸ್ಥೆಯೊಂದು 2017ರ ತನ್ನ ಸೂಚಿಯಲ್ಲಿ ಸೊಂಟ ನೋವಿಗೆ ಅದನ್ನೂ ಸೇರಿಸಿತು. ಹೊಸದಾಗಿ ಉಳುಕಿದ ಪಾದದ ವಿಷಯದಲ್ಲಿ ಸಾಕ್ಷ್ಯ ಸಾಲದು. ಹರಿದ ಲಿಗಮೆಂಟನ್ನು ಯಾವ ಸೂಜಿಯೂ ಹೊಲಿಯುವುದಿಲ್ಲ. ನೋವು ಕಡಿಮೆಯಾದರೆ ವ್ಯಾಯಾಮ ಬೇಗ ಶುರು ಮಾಡಬಹುದು, ಅಷ್ಟು ಆಸೆ ಇಟ್ಟುಕೊಂಡು ಹೋಗಿ.

ಮೊದಲ ನಾಲ್ಕೈದು ದಿನ

ತಿಕ್ಕಬೇಡಿ. ಬಿಸಿ ನೀರು, ಬಿಸಿ ಇಟ್ಟಿಗೆ, ಹಬೆ, ಬಾಮು ಯಾವುದೂ ಬೇಡ. ಒಳಗೆ ಸಣ್ಣ ರಕ್ತನಾಳಗಳು ಒಡೆದು ಸೋರುತ್ತಿರುತ್ತವೆ. ತಿಕ್ಕಿದರೆ, ಕಾವು ಕೊಟ್ಟರೆ ಜಾಸ್ತಿ ಸೋರುತ್ತವೆ. ಕಬಡ್ಡಿಯಲ್ಲಿ ತೊಡೆಗೆ ಮೊಣಕಾಲು ಬಡಿದು ಗಡ್ಡೆ ಕಟ್ಟಿದರಂತೂ ಇನ್ನೂ ಹುಷಾರು. ಆ ಹಸಿ ಪೆಟ್ಟನ್ನು ಜೋರಾಗಿ ತಿಕ್ಕಿದರೆ ಸ್ನಾಯುವಿನೊಳಗೇ ಎಲುಬು ಬೆಳೆಯುವುದುಂಟು. ಮಕ್ಕಳ ಮೊಣಕೈಗೆ ಪೆಟ್ಟಾದಾಗ ಎಣ್ಣೆ ಹಚ್ಚಿ ನೀವಿಸಿ, ಕೈ ಮಡಚಲು ಬಾರದೆ ಆಸ್ಪತ್ರೆಗೆ ಬರುವುದು ನಮ್ಮ ಕಡೆ ಹೊಸದಲ್ಲ. ಬಿದಿರು ಕಡ್ಡಿ ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡಿದ್ದು ಬೆರಳು ನೀಲಿಯಾದರೆ, ಜೋಮು ಹಿಡಿದರೆ ಆ ಕ್ಷಣವೇ ಬಿಚ್ಚಿ.

ಐಸ್ ಇಡಬೇಕಾ? ಇಲ್ಲಿ ಜಗಳ ಇದೆ. ಹಳೆಯ ಚೀನೀ ಪದ್ಧತಿಯವರು ಬೇಡ ಅನ್ನುತ್ತಾರೆ. ತಂಪು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಆಮೇಲೆ ಅದು ಹಳೆ ನೋವಾಗಿ ಕೂರುತ್ತದೆ ಅನ್ನುವುದು ಅವರ ವಾದ. ಮೋಜಿನ ಮಾತು ಅಂದರೆ, 1978ರಲ್ಲಿ ವಿಶ್ರಾಂತಿ-ಐಸ್-ಪಟ್ಟಿ-ಎತ್ತರ ಅನ್ನುವ ಸೂತ್ರ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಐಸಿನಿಂದ ಗಾಯ ಮಾಯುವುದು ತಡವಾಗಬಹುದು ಅಂತ ಮಾತು ಬದಲಿಸಿದರು. ನಾನು ನಡುದಾರಿ ಹಿಡಿದೆ. ಮೊದಲ ಎರಡು ದಿನ ನೋವು ತಡೆಯದಾದಾಗ ಮಾತ್ರ, ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ. ನಮ್ಮ ಊರಿನ ಮೇ ತಿಂಗಳಲ್ಲಿ ಇಷ್ಟೂ ಬೇಡ ಅಂದರೆ ಕಾಲಿಗೆ ಸಿಟ್ಟು ಬರುತ್ತದೆ.

ಈ ದಿನಗಳಲ್ಲಿ ಮಾಡುವುದು ಇಷ್ಟು. ಬೆರಳ ಬುಡದಿಂದ ಶುರು ಮಾಡಿ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ರಾತ್ರಿ ಸಡಿಲಿಸಿ. ಮಲಗಿದಾಗ ಎರಡು ದಿಂಬಿನ ಮೇಲೆ ಕಾಲಿಡಿ. ನೋವು ಬಾರದಷ್ಟು ಮಟ್ಟಿಗೆ ಪಾದವನ್ನು ಮೇಲೆ-ಕೆಳಗೆ ಆಡಿಸಿ.

ಚೀನೀ ಚಿಕಿತ್ಸೆಯಲ್ಲಿ ಈ ಹಂತಕ್ಕೆ ಹೊಂದುವುದು ದೂರದ ಸೂಜಿ. ನಾಲ್ಕನೇ ದಿನ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದೆ, ಕಲಬುರಗಿಯಿಂದ ಸುಮಾರು ಎರಡು ಗಂಟೆ ದಾರಿ. ಅವರು ಮೊದಲು ಎಕ್ಸ್‌ರೇ ಕೇಳಿದರು. ಆಮೇಲೆ ಬಲಗಾಲು ಮುಟ್ಟಲೇ ಇಲ್ಲ. ಎಡಗೈ ತಿರುಗಿಸಿ ಮಣಿಕಟ್ಟಿನ ಸುತ್ತ ಒತ್ತುತ್ತಾ ಹೋದರು. ಒಂದು ಕಡೆ ಒತ್ತಿದಾಗ ಅಯ್ಯೋ ಅಂದೆ. ಅಲ್ಲೇ ಸೂಜಿ ಇಟ್ಟರು. ಕಾಲು ಮಿಲಿಮೀಟರ್ ದಪ್ಪದ ಸೂಜಿ, ಇಂಜೆಕ್ಷನ್ ಸೂಜಿಯ ಅರ್ಧವೂ ಇಲ್ಲ. ಚುಚ್ಚಿದ್ದು ತಿಳಿಯಲಿಲ್ಲ. ತಿರುಗಿಸಿದಾಗ ಮಾತ್ರ ಒಳಗೆ ಭಾರವಾಗಿ, ಹಲ್ಲು ಜುಮ್ ಅಂದ ಹಾಗೆ ಆಯಿತು. ಅದನ್ನು ಅವರು 'ದ ಚೀ' ಅನ್ನುತ್ತಾರೆ, ಚೀ ಸಿಕ್ಕಿತು ಅಂತ. ಆಮೇಲೆ ಬಲ ಪಾದ ಮೆಲ್ಲಗೆ ಆಡಿಸಿ ಅಂದರು. ಪೆಟ್ಟಾದ ಕಡೆಗೆ ಅಡ್ಡವಾಗಿ, ಎದುರು ಬದಿಯ ಕೈಗೆ ಸೂಜಿ ಹಾಕುವ ಈ ರೀತಿ ಚೀನಾದ ಪ್ರಾಚೀನ ವೈದ್ಯ ಗ್ರಂಥಗಳಲ್ಲೇ ಇದೆ. ಆವತ್ತು ನನ್ನ ನೋವು ಹತ್ತರಲ್ಲಿ ಏಳು ಇದ್ದದ್ದು ಐದಕ್ಕೆ ಇಳಿಯಿತು. ಬಾವು ಮಾತ್ರ ಇದ್ದಲ್ಲೇ ಇತ್ತು.

ಹೋಗಲು ಆಗದವರು ಬೆರಳಿಂದ ಒತ್ತಿಕೊಳ್ಳಬಹುದು. ಮುಂದಿನ ಭಾಗದಲ್ಲಿ ಜಾಗಗಳನ್ನು ಹೇಳಿದ್ದೇನೆ. ಈ ಹಂತದಲ್ಲಿ ಬಾವಿನ ಮೇಲಿನ ಜಾಗ ಬಿಟ್ಟು ದೂರದವನ್ನು ಮಾತ್ರ ಒತ್ತಿ.

ಐದನೇ ದಿನದಿಂದ ಮೂರನೇ ವಾರ

ಬಾವು ಇಳಿಯುತ್ತದೆ, ನೀಲಿ ಬಣ್ಣ ಹಸಿರಾಗಿ ಹಳದಿಯಾಗುತ್ತದೆ, ಮುಟ್ಟಿದರೆ ಬಿಸಿ ಇರುವುದಿಲ್ಲ. ಚೀನೀ ಚಿಕಿತ್ಸೆ ಜಾಸ್ತಿ ಕೆಲಸಕ್ಕೆ ಬರುವುದು ಈಗ.

ಮೊದಲು ಬೆರಳೊತ್ತು. ಜಾಗ ಅಳೆಯಲು ಟೇಪು ಬೇಡ, ನಿಮ್ಮ ಕೈಯೇ ಅಳತೆ. ಹೆಬ್ಬೆರಳಿನ ಗೆಣ್ಣಿನ ಅಗಲ ಒಂದು 'ಸುನ್'. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು ಜೋಡಿಸಿದರೆ ಮೂರು ಸುನ್. ಯಾರ ಕಾಲೋ ಅವರ ಬೆರಳಿಂದಲೇ ಅಳೆಯಬೇಕು. ಮಗುವಿನ ಕಾಲನ್ನು ದೊಡ್ಡವರ ಕೈಯಿಂದ ಅಳೆದರೆ ಜಾಗ ತಪ್ಪುತ್ತದೆ.

ಕುರ್ಚಿ ಮೇಲೆ ಕೂತು ಮೊಣಕಾಲು ಮಡಚಿ. ಮಂಡಿಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಒಂದು ತಗ್ಗು ಸಿಗುತ್ತದೆ. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಮೊಣಕಾಲ ಕೆಳಗೆ ಕಾಲಿನ ಮುಂಬದಿಯ ಎಲುಬಿನಿಂದ ಒಂದು ಬೆರಳು ಹೊರಗೆ. ಇದು 'ಝೂ ಸಾನ್ ಲಿ'. ಒತ್ತಿದರೆ ಪಾದದ ಕಡೆ ಭಾರ ಹರಿದಂತೆ ಆಗುತ್ತದೆ. ಅದೇ ಎತ್ತರದಿಂದ ಸ್ವಲ್ಪ ಮೇಲೆ, ಹೊರಕ್ಕೆ ಹೋದರೆ ಗೋಲಿಯಂಥ ಎಲುಬಿನ ತುದಿ ಕೈಗೆ ಸಿಗುತ್ತದೆ. ಅದರ ಮುಂದೆ, ಕೆಳಗೆ ಇರುವ ತಗ್ಗು 'ಯಾಂಗ್ ಲಿಂಗ್ ಚ್ವಾನ್'. ಸ್ನಾಯು ಮತ್ತು ರಜ್ಜುಗಳಿಗೆಲ್ಲ ಇದೇ ದೊಡ್ಡ ಜಾಗ ಅಂತ ಅವರ ಲೆಕ್ಕ. ಮೊಣಕಾಲು, ಪಾದ, ಪಕ್ಕೆ ಹಿಡಿದುಕೊಂಡಾಗಲೂ ಇದನ್ನು ಹುಡುಕುತ್ತಾರೆ.

ಮೀನಖಂಡಕ್ಕೆ 'ಚೆಂಗ್ ಶಾನ್'. ತುದಿಗಾಲಲ್ಲಿ ನಿಂತಾಗ ಮೀನಖಂಡದ ಎರಡು ಉಬ್ಬು ಕೂಡುವ ಕಡೆ ತಲೆಕೆಳಗಾದ ವಿ ಥರ ಕಾಣುತ್ತದೆ, ಆ ಮೂಲೆಯೇ ಜಾಗ. ರಾತ್ರಿ ಮೀನಖಂಡ ಹಿಡಿದುಕೊಂಡವರು ಒತ್ತಿ ನೋಡಿ. ಹೊರಗಿನ ಗಿಣ್ಣಿಗೂ ಹಿಂದಿನ ದಪ್ಪ ರಜ್ಜುವಿಗೂ ನಡುವಿನ ತಗ್ಗು 'ಕುನ್ ಲುನ್'. ಗಿಣ್ಣಿನ ಮುಂದೆ, ಕೆಳಗಿನ ತಗ್ಗು 'ಚ್ಯು ಶು'. ಕೊನೆಯ ಎರಡನ್ನು ಬಾವು ಪೂರ್ತಿ ಇಳಿದ ಮೇಲೆ ಮಾತ್ರ ಒತ್ತಿ.

ಒಂದೊಂದು ಜಾಗಕ್ಕೆ ಒಂದೆರಡು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ಒತ್ತಡ ಎಷ್ಟಿರಬೇಕು ಅಂದರೆ, ನೋವೂ ಆಗಬೇಕು, ಬಿಡಬೇಡಿ ಅಂತಲೂ ಅನಿಸಬೇಕು. ಉಸಿರು ಹಿಡಿಯುವಷ್ಟು ಆದರೆ ಜಾಸ್ತಿ ಆಯಿತು. ಬಸುರಿಯರು ಕುನ್ ಲುನ್ ಮತ್ತು ಕೈಯ ಹೆಬ್ಬೆರಳು-ತೋರುಬೆರಳ ನಡುವಿನ 'ಹ ಗು' ಒತ್ತಬಾರದು ಅನ್ನುವುದು ಆ ಪದ್ಧತಿಯ ಹಳೆಯ ನಿಯಮ.

ಈಗ ಎಣ್ಣೆಯ ಸರದಿ. ಚೀನೀ ಪೆಟ್ಟಿನ ವೈದ್ಯದಲ್ಲಿ ಕುಸುಬಿ ಎಸಳಿಗೆ ಮೊದಲ ಸಾಲಿನ ಜಾಗ. ನಮ್ಮ ಹೊಲದಲ್ಲಿ ಹಿಂಗಾರಿನಲ್ಲಿ ನಿಲ್ಲುವ ಅದೇ ಮುಳ್ಳಿನ ಗಿಡ. ಹೂವು ಮೊದಲು ಹಳದಿ ಇದ್ದು, ಬಾಡುತ್ತ ಕೆಂಪಾಗುತ್ತದೆ. ನಾವು ಬೀಜ ಗಾಣಕ್ಕೆ ಹಾಕಿ ಎಣ್ಣೆ ತೆಗೆಯುತ್ತೇವೆ, ಎಸಳು ಹೊಲದಲ್ಲೇ ಉದುರುತ್ತದೆ. ಅವರು ಆ ಕೆಂಪು ಎಸಳನ್ನು ಬಿಡಿಸಿ ಒಣಗಿಸಿ, ನಿಂತ ರಕ್ತ ಕದಲಿಸುವ ಮದ್ದು ಅಂತ ಇಟ್ಟುಕೊಳ್ಳುತ್ತಾರೆ. ನಮ್ಮ ಅಡುಗೆ ಎಣ್ಣೆಯಲ್ಲಿ ಎಸಳಿನ ಗುಣ ಇರುವುದಿಲ್ಲ, ನಿಜ. ಆದರೂ ಈ ಹಂತದಲ್ಲಿ ಕೈ ಜಾರಲು ಅದು ಸಾಕಷ್ಟು ಒಳ್ಳೆಯದು. ಅಂಗಡಿಯ ಕೆಂಪು ಹೂವಿನ ಎಣ್ಣೆಯಲ್ಲೂ ಎಷ್ಟೋ ಸಲ ಕುಸುಬಿಯೇ ಇರುವುದಿಲ್ಲ. ವಿಂಟರ್‌ಗ್ರೀನ್ ಎಣ್ಣೆ, ದಾಲ್ಚಿನ್ನಿ ಎಣ್ಣೆ ಇಂಥವೇ ಇರುತ್ತವೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಟೈಗರ್ ಬಾಮ್ ಕೂಡ ಇದೇ ವಂಶದ್ದು. ಅದರ ಮೂಲ ರಂಗೂನಿನಲ್ಲಿ ನೆಲೆಸಿದ್ದ ಚೀನೀ ಔಷಧಿ ವ್ಯಾಪಾರಿ ಕುಟುಂಬದ್ದು. ಕರ್ಪೂರ, ಮೆಂಥಾಲ್, ಲವಂಗದ ಎಣ್ಣೆ ಅದರಲ್ಲಿವೆ.

ಹಚ್ಚುವ ರೀತಿ ಹೀಗೆ. ಮೊದಲು ಮುಂಗೈ ಮೇಲೆ ಒಂದು ಚುಕ್ಕೆ ಹಚ್ಚಿ ಅರ್ಧ ಗಂಟೆ ನೋಡಿ. ಉರಿ, ದದ್ದು ಇಲ್ಲದಿದ್ದರೆ ಕಾಲಿಗೆ. ಹೆಬ್ಬೆರಳಿಂದ ಸಣ್ಣ ಸುತ್ತು, ಬೆರಳ ಕಡೆಯಿಂದ ಮೊಣಕಾಲಿನ ಕಡೆಗೆ, ಐದು ನಿಮಿಷ. 'ತುಯ್ ನಾ' ಅನ್ನುವ ಚೀನೀ ಮಾಲೀಸಿನಲ್ಲಿ ಕೈಹಿಂಬದಿಯನ್ನು ಉರುಳಿಸುತ್ತಾರೆ, ಚಪಾತಿ ಹಿಟ್ಟಿನ ಉಂಡೆ ಹೊರಳಿಸಿದ ಹಾಗೆ. ಅದು ತೊಡೆಗೂ ಮೀನಖಂಡಕ್ಕೂ ಚೆನ್ನ, ಗಿಣ್ಣಿಗೆ ಬೇಡ. ಬಾಮು ಹಚ್ಚಿ ಮೇಲೆ ಬಿಗಿಯಾಗಿ ಪಟ್ಟಿ ಸುತ್ತಬೇಡಿ, ಬಿಸಿ ನೀರಿನ ಚೀಲ ಇಡಬೇಡಿ. ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ನುಂಗುವವರು ವಿಂಟರ್‌ಗ್ರೀನ್ ಇರುವ ಎಣ್ಣೆ ಕೇಳದೆ ಹಚ್ಚಬಾರದು.

ನಮ್ಮ ಕಾಕಾ ಈಗ ದಿನಾ ಸಂಜೆ ಬಟ್ಟಲು ಹಿಡಿದು ಬರತೊಡಗಿದರು. ಹದಿಮೂರನೇ ದಿನದಿಂದ ನಾನು ಆಕ್ಷೇಪಣೆ ಮಾಡಲಿಲ್ಲ.

ಬಟ್ಟಲು ಹಾಕುವುದು, ಅಂದರೆ ಹಿಜಾಮಾ ಪಕ್ಕದ ಮನೆ

2016ರ ರಿಯೋ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಭುಜದ ಮೇಲೆ ನೇರಳೆ ವೃತ್ತಗಳನ್ನು ನೋಡಿ ಜಗತ್ತೆಲ್ಲ ಕಪ್ಪಿಂಗ್ ಅಂತ ಬೆರಗಾಯಿತು. ಕಲಬುರಗಿ, ಬೀದರಿನವರಿಗೆ ಅದರಲ್ಲಿ ಹೊಸದೇನಿತ್ತು ಹೇಳಿ? ಯುನಾನಿಯವರ ಹಿಜಾಮಾ ನಮ್ಮ ಗಲ್ಲಿಗಳಲ್ಲೇ ಇದೆ. ಚಾಂದ್ರಮಾನ ತಿಂಗಳ 17, 19, 21ನೇ ದಿನ ಒಳ್ಳೆಯದು ಅಂತ ಕಾದು ಹೋಗುವವರಿದ್ದಾರೆ.

ಚೀನೀ ರೀತಿಯಲ್ಲಿ ಹೆಚ್ಚಾಗಿ ಒಣ ಬಟ್ಟಲು, ರಕ್ತ ತೆಗೆಯುವುದಿಲ್ಲ. ಗಾಳಿ ಎಳೆದು ಚರ್ಮವನ್ನು ಒಳಕ್ಕೆ ಹೀರಿಸಿ ಐದರಿಂದ ಹತ್ತು ನಿಮಿಷ ಬಿಡುತ್ತಾರೆ. ಹಿಜಾಮಾದಲ್ಲಿ ಸಣ್ಣ ಗೀರು ಹಾಕಿ ರಕ್ತ ಎಳೆಯುವುದೂ ಇದೆ. ಆಟಗಾರನಿಗೆ ಒಣದ್ದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹಿಜಾಮಾ ಮಾಡುವವರಿಗೇ ಒಣ ಬಟ್ಟಲು ಹಾಕಿ ಅಂದರೆ ಹಾಕುತ್ತಾರೆ. ಸ್ಪಿರಿಟ್ ಹತ್ತಿಯ ಬೆಂಕಿಗಿಂತ ಪಂಪಿನ ಬಟ್ಟಲು ಸುರಕ್ಷಿತ. ಗೀರು ಹಾಕಿಸಿಕೊಳ್ಳುವುದೇ ಆದರೆ ಬ್ಲೇಡು ಹೊಸದು, ನಿಮ್ಮ ಕಣ್ಣೆದುರು ಬಿಚ್ಚಿದ್ದು ಆಗಿರಲಿ.

ಬೌಲಿಂಗಿನಿಂದ ಬಿಗಿದ ಭುಜದ ಹಿಂಭಾಗ, ಸೊಂಟದ ಎರಡು ಪಕ್ಕ, ತೊಡೆಯ ಹಿಂಭಾಗ ಇವಕ್ಕೆ ಬಟ್ಟಲು ಹೊಂದುತ್ತದೆ. ಎಲುಬಿನ ಮೇಲೆ, ಉಬ್ಬಿದ ರಕ್ತನಾಳದ ಮೇಲೆ, ಗಾಯದ ಮೇಲೆ, ಹಸಿ ಬಾವಿನ ಮೇಲೆ ಹಾಕಬಾರದು. ಗುರುತು ಮೂರು ದಿನದಿಂದ ಹತ್ತು ದಿನ ಉಳಿಯುತ್ತದೆ. ಗಾಢ ಬಣ್ಣ ಬಂದರೆ ವಿಷ ಹೊರಗೆ ಬಂತು ಅಂತ ಹೇಳುತ್ತಾರೆ, ನಂಬಬೇಡಿ. ಅದು ಚರ್ಮದ ಕೆಳಗೆ ಸೋರಿದ ರಕ್ತ ಅಷ್ಟೇ. ಮ್ಯಾಚಿನ ಹಿಂದಿನ ದಿನ ಬೇಡ, ಸ್ನಾಯು ಸಡಿಲಾಗಿ ಜೋಲು ಅನಿಸುತ್ತದೆ.

ಇದರ ತಮ್ಮ 'ಗ್ವಾ ಶಾ'. ಎಣ್ಣೆ ಹಚ್ಚಿ ನುಣುಪಾದ ಅಂಚಿನಿಂದ ಒಂದೇ ದಿಕ್ಕಿಗೆ ಗೀರುವುದು. ಮನೆಯ ಪಿಂಗಾಣಿ ಚಮಚ ಸಾಕು. ಬಿಗಿದ ಮೀನಖಂಡಕ್ಕೆ ಹಿಮ್ಮಡಿಯಿಂದ ಮೇಲಕ್ಕೆ ಹತ್ತು ಹದಿನೈದು ಸಲ, ಮೆಲ್ಲಗೆ. ಕೆಂಪು ಚುಕ್ಕೆ ಬಂದರೆ ನಿಲ್ಲಿಸಿ, ಅವು ಹೋಗುವ ತನಕ ಮತ್ತೆ ಬೇಡ.

ಸೂಜಿಯವರನ್ನು ಹುಡುಕುವುದು

ಸೊಲ್ಲಾಪುರ ಅಂದಾಗ ನೆನಪಾಗುತ್ತದೆ, ಡಾ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು ಅಲ್ಲೇ, 1910ರಲ್ಲಿ. 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದೊಂದಿಗೆ ಯುದ್ಧದ ನಡುವಿನ ಚೀನಾಕ್ಕೆ ಹೋಗಿ, 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಅವರು ಶಸ್ತ್ರವೈದ್ಯರು, ಸೂಜಿ ವೈದ್ಯರಲ್ಲ. ಆದರೆ ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಚೀನಾದಲ್ಲಿ ಅಕ್ಯುಪಂಕ್ಚರ್ ಕಲಿತು ಕಲ್ಕತ್ತಾಕ್ಕೆ ತಂದರು. ನಮ್ಮ ದೇಶಕ್ಕೆ ಸೂಜಿ ಬಂದ ದಾರಿ ಅದು.

2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಮಾನ್ಯ ಮಾಡಿತು. ಪಕ್ಕದ ಮಹಾರಾಷ್ಟ್ರದಲ್ಲಿ ಅದಕ್ಕೆ ಬೇರೆ ಕಾಯ್ದೆ, ಕೌನ್ಸಿಲ್ ಇವೆ. ಹಾಗಾಗಿ ಅಲ್ಲಿನವರಿಗೆ ನೋಂದಣಿ ಸಂಖ್ಯೆ ಕೇಳಬಹುದು. ನಮ್ಮ ಕಡೆ ಬಿಎನ್‌ವೈಎಸ್ ಓದಿದ ಪ್ರಕೃತಿ ಚಿಕಿತ್ಸೆ ವೈದ್ಯರ ಪಠ್ಯದಲ್ಲಿ ಅಕ್ಯುಪಂಕ್ಚರ್ ಇರುತ್ತದೆ. ಅವರನ್ನು ಮೊದಲು ವಿಚಾರಿಸಿ. ಕೆಲವು ಫಿಸಿಯೋಗಳು ಡ್ರೈ ನೀಡ್ಲಿಂಗ್ ಮಾಡುತ್ತಾರೆ. ಸೂಜಿ ಅದೇ, ಲೆಕ್ಕ ಬೇರೆ. ಅವರು ಚೀ ದಾರಿ ನೋಡದೆ ನೇರವಾಗಿ ಸ್ನಾಯುವಿನ ಗಂಟಿಗೆ ಚುಚ್ಚುತ್ತಾರೆ. ಆಟಗಾರರಿಗೆ ಅದೂ ಉಪಯೋಗವೇ.

ಹೋದ ಕಡೆ ಗಮನಿಸಬೇಕಾದದ್ದು: ಸೂಜಿ ಪೊಟ್ಟಣ ನಿಮ್ಮೆದುರೇ ಒಡೆಯಬೇಕು, ಒಮ್ಮೆ ಬಳಸಿದ್ದು ಡಬ್ಬಕ್ಕೆ ಹೋಗಬೇಕು. ಕುದಿಸಿ ಮತ್ತೆ ಬಳಸುತ್ತೇವೆ ಅಂದರೆ ಎದ್ದು ಬನ್ನಿ. ಭುಜದ ಮೇಲೆ, ಬೆನ್ನ ಮೇಲ್ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗಬಹುದು. ಚಿಕಿತ್ಸೆ ಆದಮೇಲೆ ಎದೆ ನೋವು, ಏದುಸಿರು ಬಂದರೆ ತಕ್ಷಣ ಆಸ್ಪತ್ರೆ. ಹೃದಯಕ್ಕೆ ಪೇಸ್‌ಮೇಕರ್ ಇದ್ದವರು ಸೂಜಿಗೆ ಕರೆಂಟ್ ಕೊಡಿಸಿಕೊಳ್ಳಬಾರದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತಿ ಬೀಳುವವರುಂಟು. ಒಂದು ರೊಟ್ಟಿ ತಿಂದು ಹೋಗಿ.

ವಾರಕ್ಕೆ ಒಂದೆರಡು ಸಲ, ಒಮ್ಮೆಗೆ ಇಪ್ಪತ್ತರಿಂದ ಮೂವತ್ತು ನಿಮಿಷ. ಆರು ಸಲ ಆದಮೇಲೂ ನೋವಿನ ಅಂಕ ಕದಲದಿದ್ದರೆ ನಿಲ್ಲಿಸಿ. ಇನ್ನೂ ಹತ್ತು ಸಲ ಬನ್ನಿ ಅನ್ನುವುದು ವ್ಯಾಪಾರ.

ಹೊಟ್ಟೆಗೆ ತೆಗೆದುಕೊಳ್ಳುವ ಚೀನೀ ಮದ್ದು

ಇದರಲ್ಲಿ ನನ್ನ ಮಾತು ಚಿಕ್ಕದು: ಬೇಡ. ಆನ್‌ಲೈನಿನಲ್ಲಿ ಸಿಗುವ 'ಯುನ್ನಾನ್ ಬಾಯ್‌ಯಾವ್' ಅನ್ನುವ ಪುಡಿ 1902ರಿಂದ ಪ್ರಸಿದ್ಧ, ಪೂರ್ತಿ ಸೂತ್ರ ಇವತ್ತಿಗೂ ಗುಟ್ಟು. ಅದರಲ್ಲಿ ನಮ್ಮ ವತ್ಸನಾಭದ ಜಾತಿಯ ಗಿಡ ಇದೆ. ಶುದ್ಧಿ ಸರಿಯಾಗದಿದ್ದರೆ ಅದು ಹೃದಯ ನಿಲ್ಲಿಸುವ ವಿಷ. ಕುಸ್ತಿ-ಕುಂಗ್ ಫು ಮಂದಿ ಹಚ್ಚುವ 'ದಿತ್ ದಾ ಜೋ' ಅನ್ನುವ ಮದ್ಯದ ಮದ್ದನ್ನೂ ಹೊರಗೆ ಮಾತ್ರ ಹಚ್ಚಬೇಕು, ಗಾಯ ಇದ್ದಲ್ಲಿ ಹಚ್ಚಬಾರದು.

ವಿಶ್ವವಿದ್ಯಾಲಯ, ರಾಜ್ಯ ಮಟ್ಟದಲ್ಲಿ ಆಡುವ ಹುಡುಗ ಹುಡುಗಿಯರಿಗೆ ಇನ್ನೊಂದು ಕಂಟಕ, ಡೋಪಿಂಗ್. ಚೀನೀ 'ಮಾ ಹ್ವಾಂಗ್' ಗಿಡದಲ್ಲಿ ಎಫೆಡ್ರಿನ್ ಇದೆ. ಪೆಟ್ಟಿನ ಮಾತ್ರೆಗಳಲ್ಲಿ ಹಾಕುವ 'ಮಾ ಚಿಯನ್ ಝ' ಅಂದರೆ ನಮ್ಮ ಕಾಸರಕದ ಬೀಜ, ಅದರಲ್ಲಿ ಸ್ಟ್ರಿಕ್ನಿನ್ ಇದೆ. ಎರಡೂ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. 2011ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಉತ್ತರ ಕೊರಿಯಾದ ಆಟಗಾರ್ತಿಯರು ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಕಸ್ತೂರಿಮೃಗದ ಗ್ರಂಥಿಯಿಂದ ಮಾಡಿದ ಸಾಂಪ್ರದಾಯಿಕ ಚೀನೀ ಮದ್ದೇ ಕಾರಣ ಅಂತ ಅವರ ಕಡೆಯವರು ಹೇಳಿದರು. ಆ ಕಾರಣ ಅವರನ್ನು ನಿಷೇಧದಿಂದ ಉಳಿಸಲಿಲ್ಲ.

ತಿನ್ನಬೇಕು ಅಂದರೆ ಅವರೂ ನಾವೂ ಒಪ್ಪುವ ಆಹಾರ ಇದೆ. ಎಲುಬಿನ ಸಾರು ಅವರಿಗೆ ಪೆಟ್ಟಾದವರ ಊಟ. ನಮ್ಮಲ್ಲಿ ಪಾಯಾ ಇದ್ದೇ ಇದೆ. ತಿನ್ನದವರಿಗೆ ತೊಗರಿ ಬೇಳೆ, ಮೊಸರು, ಎಳ್ಳು. ಬೀದರಿನ ಶುಂಠಿ ಹಾಕಿದ ಚಹಾ ಕುಡಿಯಿರಿ, ಅದು ಚೀನೀ ಲೆಕ್ಕದಲ್ಲೂ ಬೆಚ್ಚಗಿನದೇ.

ತಿಂಗಳು ಕಳೆದ ಮೇಲೆ, ಚಳಿಗೆ ಕಾಡುವ ನೋವು

ಬೀದರಿನ ಡಿಸೆಂಬರ್ ಗೊತ್ತಿದ್ದವರಿಗೆ ಇದನ್ನು ವಿವರಿಸುವುದು ಬೇಡ. ಎರಡು ವರ್ಷದ ಹಿಂದಿನ ಪೆಟ್ಟು ಬೆಳಗಿನ ಜಾವ ಎದ್ದು ಕೂರುತ್ತದೆ. ಬಿಸಿ ಹಿತ, ಒತ್ತಿದರೂ ಹಿತ. ಇದು ಕಾವಿನ ಹಂತ.

ಚೀನೀಯರು ಇದಕ್ಕೆ 'ಮೋಕ್ಸಾ' ಬಳಸುತ್ತಾರೆ. ನಮ್ಮ ಮಾಚಿಪತ್ರೆಯ ಜಾತಿಯ ಎಲೆಯನ್ನು ಒಣಗಿಸಿ, ಕುಟ್ಟಿ ಹತ್ತಿಯಂತೆ ಮಾಡಿ, ಬೀಡಿಯ ಹಾಗೆ ಸುತ್ತಿದ ಬತ್ತಿ. ತುದಿಗೆ ಬೆಂಕಿ ಹಚ್ಚಿ ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ದೂರ ಹಿಡಿದು ಹತ್ತು ನಿಮಿಷ ಆಡಿಸುತ್ತಾರೆ. ಹೊಗೆ ಜೋರು, ಮನೆಯವರು ಬೈಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ, ಅವರು ಹತ್ತಿರ ಹೋಗಬಾರದು. ಮೋಕ್ಸಾ ಸಿಗದಿದ್ದರೆ ದಪ್ಪ ಉಪ್ಪು ಹಂಚಿನಲ್ಲಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಡಿ. ಅಜ್ಜಿಯ ಉಪ್ಪಿನ ಗಂಟು ಚೀನಾದಲ್ಲೂ ಇದೆ. ಮೊದಲು ನಿಮ್ಮ ಮುಂಗೈ ಒಳಬದಿಗೆ ಇಟ್ಟು ಬಿಸಿ ನೋಡಿಕೊಳ್ಳಿ.

ಮೈದಾನಕ್ಕೆ ಮರಳುವುದು

ಉಳುಕಿದ ಪಾದ ಮತ್ತೆ ಮತ್ತೆ ಉಳುಕಲು ದೊಡ್ಡ ಕಾರಣ, ನೋವು ಹೋದ ಕೂಡಲೇ ವ್ಯಾಯಾಮ ಬಿಡುವುದು. ಸಮತೋಲದ ಅರಿವು ಇನ್ನೂ ಮರಳಿರುವುದಿಲ್ಲ. ಎರಿ ನೆಲದ ಬಿರುಕಿನ ಮೇಲೆ ಓಡಿದರೆ ಒಂದೇ ಸಂಜೆಗೆ ಹಳೆ ಕತೆ.

ಇಲ್ಲಿ ತಾಯ್ ಚೀ, ಚೀ ಕುಂಗ್ ಅನ್ನುವ ನಿಧಾನ ಚಲನೆಯ ಚೀನೀ ವ್ಯಾಯಾಮಗಳು ಚೆನ್ನ. 'ಬಾ ದ್ವಾನ್ ಜಿನ್' ಅನ್ನುವ ಎಂಟು ಚಲನೆಗಳ ಸರಣಿಯಲ್ಲಿ ಕೊನೆಯದು ಎಲ್ಲಕ್ಕಿಂತ ಸುಲಭ. ನೇರ ನಿಂತು, ಉಸಿರು ಎಳೆಯುತ್ತ ಎರಡೂ ಹಿಮ್ಮಡಿ ಎತ್ತಿ, ಒಂದು ಕ್ಷಣ ನಿಂತು, ಉಸಿರು ಬಿಡುತ್ತ ಮೆಲ್ಲಗೆ ಇಳಿಸುವುದು, ಏಳು ಸಲ. ಮೂಲದಲ್ಲಿ ಕೊನೆಗೆ ಹಿಮ್ಮಡಿ ಧಪ್ ಅಂತ ಬಿಡುತ್ತಾರೆ, ಪೆಟ್ಟಾದವರು ಬಿಡಬೇಡಿ. ಮೂರನೇ ವಾರ ಗೋಡೆ ಹಿಡಿದು, ನಾಲ್ಕನೇ ವಾರ ಹಿಡಿಯದೆ, ಆಮೇಲೆ ಒಂದೇ ಕಾಲಲ್ಲಿ. ಜೊತೆಗೆ ಹಲ್ಲುಜ್ಜುವಾಗ ಪೆಟ್ಟಾದ ಕಾಲ ಮೇಲೆ ನಿಲ್ಲಿ. ಅರ್ಧ ನಿಮಿಷ ಅಲ್ಲಾಡದೆ ನಿಂತರೆ ಕಣ್ಣು ಮುಚ್ಚಿ ನಿಲ್ಲಿ. ಕಣ್ಣು ಮುಚ್ಚಿದ ಕೂಡಲೇ ಪಾದ ನಡುಗುವುದು ನೋಡಿದರೆ ಇನ್ನೂ ಎಷ್ಟು ಕೆಲಸ ಬಾಕಿ ಅಂತ ತಿಳಿಯುತ್ತದೆ.

ಓಟ ಶುರು ಮಾಡುವುದು ಸಮ ನೆಲದಲ್ಲಿ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣವೋ, ಎನ್.ವಿ. ಮೈದಾನವೋ, ಬೆಳಗ್ಗೆ ಬಿಸಿಲೇರುವ ಮುಂಚೆ. ಮೊದಲು ನೇರ ಓಟ, ನಾಲ್ಕೈದು ದಿನ ಆದಮೇಲೆ ಎಂಟರ ಆಕಾರದಲ್ಲಿ ತಿರುಗುವ ಓಟ. ಆಮೇಲೆ ಒಂದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿ, ಇನ್ನೊಂದು ಕಾಲಿನಷ್ಟೇ ದೂರ ಹೋಗುತ್ತದಾ ನೋಡಿ. ಮರುದಿನ ಬೆಳಗ್ಗೆ ಬಾವು ಬಂದಿರದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ನಾನು ಏಳನೇ ವಾರ ನೆಟ್ ಹತ್ತಿರ ಹೋದೆ. ಪಾದಕ್ಕೆ ಟೇಪ್ ಸುತ್ತಿ, ಮೊದಲ ಹದಿನೈದು ದಿನ ಸರ್ವಿಸ್ ಮತ್ತು ಹಿಂದಿನ ಸಾಲು ಮಾತ್ರ. ಜಿಗಿದು ಹೊಡೆಯುವುದನ್ನು ಒಂಬತ್ತನೇ ವಾರಕ್ಕೆ ಇಟ್ಟುಕೊಂಡೆ. ಮೊದಲ ಸಲ ಜಿಗಿದಾಗ ಕಣ್ಣು ಚೆಂಡಿನ ಮೇಲೆ ಇರಲಿಲ್ಲ, ಎದುರಿನವನ ಬೂಟಿನ ಮೇಲಿತ್ತು. ಪಾಯಿಂಟ್ ಹೋಯಿತು.